ಬಸ್‌ಸ್ಟ್ಯಾಂಡ್ ಮಾತು: ಹೆಸರು ಬದಲಿಸುವವರ ‘ಬೋಡ ಪತ್ರ’



ಈ ವಾರ ಮಾನ್ವಿಯಿಂದ ಒಂದು ಕಾಗದ ಬಂದಿದೆ. ಬರೆದವರು ‘ನನ್ನ ಹೆಸರು ಮಾತ್ರ ಹಾಕಬ್ಯಾಡ್ರಿ’ ಎಂದು ಕೆಳಗೆ ಎರಡು ಗೆರೆ ಎಳೆದು ಬರೆದಿದ್ದಾರೆ. ಹಾಕೋದಿಲ್ಲ ಬಿಡಿ. ಹೆಸರಿನ ವಿಷಯವನ್ನೇ ಕೇಳಿದವರ ಹೆಸರು ಮುಚ್ಚಿಡೋದು ತಮಾಷೆಯೇ, ಇರಲಿ. ಕಾಗದದ ಸಾರಾಂಶ ಹೀಗಿದೆ:

“ಅಣ್ಣಾ, ನಮ್ಮ ಮಾವನ ಮಗ ಹೊರದೇಶದ ಕೆಲಸಕ್ಕ ಅರ್ಜಿ ತುಂಬಾಕ್ಹತ್ಯಾನ. ಅದರಾಗ ಒಂದು ಕಡಿ ‘ಡೀಡ್ ಪೋಲ್ ಮಾಡಿಸಿ ಹೆಸರು ಬದಲಿ ಮಾಡೀರೇನು’ ಅಂತ ಕೇಳ್ಯಾರ. ಪೋಲ್ ಅಂದ್ರ ಎಲೆಕ್ಷನ್ ಅಲ್ಲೇನು? ಹೆಸರು ಬದಲಿ ಮಾಡಾಕ ವೋಟು ಹಾಕಿಸಬೇಕೇನು? ಇನ್ನೊಂದು ಮಾತು. ನನಗೂ ನನ್ನ ಹೆಸರು ಸೇರೂದಿಲ್ಲ. ರಾಕಿ ಅಂತ ಇಟ್ಕೋಬೇಕಂತೀನಿ. ಆಗತೈತೇನು?”

ಆಗತೈತಿ ತಮ್ಮಾ. ಆದರೆ ಅವಸರ ಮಾಡಬ್ಯಾಡ, ಸ್ವಲ್ಪ ಕುಂದ್ರು. ನಿನ್ನ ಪ್ರಶ್ನೆ ಓದಿದಾಗ ನಾನೂ ನಕ್ಕವನೇ. ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಕೋರ್ಟಿನ ಇಂಗ್ಲಿಷ್ ಅಂದರೆ ಸಬ್‌ಟೈಟಲ್ ಇಲ್ಲದ ಪಿಕ್ಚರ್ ಇದ್ದ ಹಾಗೆ. ರಾಯಚೂರಿನಲ್ಲಿ ಅಫಿಡವಿಟ್ ಟೈಪ್ ಮಾಡಿಕೊಂಡೇ ತಲೆ ಬೆಳ್ಳಗೆ ಮಾಡಿಕೊಂಡ ಹಿರಿಯರೊಬ್ಬರು ಇದ್ದಾರೆ. ನಾವೆಲ್ಲ ಅವರನ್ನು ಕಾಕಾ ಅಂತೀವಿ. ಎರಡು ಕಪ್ ಚಹಾ ಕುಡಿಸಿ ಅವರಿಂದ ಕೇಳಿದ್ದು, ಆಮೇಲೆ ನಾನೇ ಡಿಕ್ಷನರಿ ತಿರುವಿ ಹಾಕಿದ್ದು, ಎರಡನ್ನೂ ಕೂಡಿಸಿ ನಿನಗೂ ನಿನ್ನಂಥ ನೂರು ಮಂದಿಗೂ ಉತ್ತರ ಬರೆಯುತ್ತಿದ್ದೇನೆ.

ತಲೆ ಬೋಳಿಸಿದ ಕಾಗದ

ಮೊದಲು ‘ಡೀಡ್’. ಇದು ಹಳೆಯ ಇಂಗ್ಲಿಷ್ ಮಾತು. ಮೂಲ ಅರ್ಥ ‘ಮಾಡಿದ್ದು’, ‘ಕೃತ್ಯ’. ಬಾಯಲ್ಲಿ ಹೇಳಿ ಬಿಡದೆ ಕಾಗದದ ಮೇಲೆ ಬರೆದು, ಸಹಿ ಹಾಕಿ, ಮುದ್ರೆ ಒತ್ತಿ ‘ಮಾಡಿ ಮುಗಿಸಿದ್ದು’ ಡೀಡ್ ಆಯಿತು. ನಾವು ಖರೀದಿ ಪತ್ರ, ದಾನಪತ್ರ ಅಂತೀವಲ್ಲ, ಆ ಪತ್ರವೇ ಇದು.

ಇನ್ನು ‘ಪೋಲ್’. ಇಲ್ಲೇ ಇದೆ ನೋಡಿ ಮಜಾ! ಪೋಲ್ ಅಂದರೆ ಮೊದಲು ‘ತಲೆ’ ಅಂತ ಅರ್ಥ. ತಲೆ ಎಣಿಸಿ ಮತ ಲೆಕ್ಕ ಮಾಡಿದ್ದರಿಂದ ಎಲೆಕ್ಷನ್ನಿಗೆ ಆ ಹೆಸರು ಬಂತು. ತಲೆಗಿಷ್ಟು ಎಂದು ಹಾಕಿದ ಕಂದಾಯಕ್ಕೆ ಪೋಲ್ ಟ್ಯಾಕ್ಸ್ ಅಂದರು. ಅದೇ ಮಾತನ್ನು ತಲೆಗೂದಲು ಕತ್ತರಿಸೋದಕ್ಕೂ ಬಳಸಿದರು. ಕೊಂಬಿಲ್ಲದ ದನಕ್ಕೆ ಇಂಗ್ಲಿಷಿನವರು ಇವತ್ತಿಗೂ ‘ಪೋಲ್ಡ್’ ಅಂತಾರೆ. ನಮ್ಮ ಕಡೆ ಅಂಥ ಎತ್ತಿಗೆ ಏನಂತೀವಿ? ಬೋಡ ಎತ್ತು! ತಲೆ ಬೋಳಿಸಿಕೊಂಡು ಬಂದವನಿಗೂ ‘ಏನೋ, ಬೋಡ ಆಗಿ ಬಂದೀಯಲ್ಲ’ ಅಂತೀವಿ. ಹಾಗಾದರೆ ಡೀಡ್ ಪೋಲ್ ಅನ್ನೋದಕ್ಕೆ ರಾಯಚೂರು ಕನ್ನಡದಲ್ಲಿ ಏನನ್ನಬೇಕು? ಬೋಡ ಪತ್ರ! ನಾನು ಹೀಗಂದಾಗ ಕಾಕಾ ಚಹಾದ ಕಪ್ ಕೆಳಗಿಟ್ಟು ನಕ್ಕುಬಿಟ್ಟರು.

ಕಾಗದಕ್ಕೆ ಎಲ್ಲಿಯ ತಲೆ, ಎಲ್ಲಿಯ ಕೂದಲು ಅಂತೀರಾ? ಬೋಡ ಅಲ್ಲದ ಪತ್ರ ಯಾವುದು ಅಂತ ತಿಳಿದರೆ ಇದು ತಾನೇ ತಿಳಿಯುತ್ತದೆ.

ಗೇಟ್‌ಕೀಪರನ ಅರ್ಧ ಟಿಕೆಟ್

ಹಳೆಯ ಇಂಗ್ಲೆಂಡಿನಲ್ಲಿ ಇಬ್ಬರ ನಡುವೆ ಕರಾರು ಆದರೆ ಒಂದೇ ಚರ್ಮದ ಹಾಳೆಯ ಮೇಲೆ ಅದೇ ಕರಾರನ್ನು ಎರಡು ಸಲ ಬರೆಯುತ್ತಿದ್ದರು. ಆಮೇಲೆ ನಡುವೆ ಕತ್ತರಿಸುವಾಗ ನೇರವಾಗಿ ಕತ್ತರಿಸದೆ ಗರಗಸದ ಹಲ್ಲಿನ ಹಾಗೆ ಅಂಕುಡೊಂಕಾಗಿ ಕತ್ತರಿಸಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುತ್ತಿದ್ದರು. ನಾಳೆ ಜಗಳ ಬಂದರೆ ಎರಡೂ ತುಂಡು ತಂದು ಜೋಡಿಸಬೇಕು. ಹಲ್ಲಿಗೆ ಹಲ್ಲು ಕೂಡಿದರೆ ಅಸಲಿ, ಕೂಡದಿದ್ದರೆ ನಕಲಿ. ಈ ಹಲ್ಲಿನ ಪತ್ರಕ್ಕೆ ‘ಇಂಡೆಂಚರ್’ ಅಂತ ಹೆಸರು. ಲ್ಯಾಟಿನ್ ಭಾಷೆಯ ಹಲ್ಲು ಅನ್ನುವ ಮಾತಿನಿಂದಲೇ ಬಂದದ್ದು. ಹಲ್ಲಿನ ಡಾಕ್ಟರನ್ನು ಡೆಂಟಿಸ್ಟ್ ಅಂತೀವಲ್ಲ, ಅದೇ ಬೇರು.

ಟಾಕೀಸಿನ ಬಾಗಿಲಲ್ಲಿ ಗೇಟ್‌ಕೀಪರ್ ನಿಮ್ಮ ಟಿಕೆಟ್ ಹರಿದು ಅರ್ಧ ಕೊಟ್ಟು ಅರ್ಧ ತಾನು ಇಟ್ಟುಕೊಳ್ಳುತ್ತಿದ್ದನಲ್ಲ? ಇಂಟರ್‌ವಲ್ಲಿನಲ್ಲಿ ಹೊರಗೆ ಹೋಗಿ ಬರುವವನ ಕೈಯಲ್ಲಿ ಆ ಅರ್ಧ ಇಲ್ಲದಿದ್ದರೆ ‘ನಡಿಯಲೇ ಹೊರಗ’ ಅಂತಿದ್ದನಲ್ಲ? ಅದೇ ಇಂಡೆಂಚರ್! ಅರ್ಧ ನಿಮ್ಮ ಕೈಯಲ್ಲಿ, ಅರ್ಧ ಅವನ ಕೈಯಲ್ಲಿ.

ಆದರೆ ಒಬ್ಬನೇ ಮಾಡುವ ಪತ್ರಕ್ಕೆ ಜೋಡಿ ಯಾರು? ಎದುರುಗಡೆ ಯಾರೂ ಇಲ್ಲ. ಹಲ್ಲು ಕೂಡಿಸಿ ನೋಡುವವರು ಇಲ್ಲ. ಆದ್ದರಿಂದ ಅಂಚನ್ನು ನೇರವಾಗಿ, ಹಜಾಮತಿ ಮಾಡಿದ ತಲೆಯ ಹಾಗೆ ಸಮನಾಗಿ ಕತ್ತರಿಸಿ ಬಿಡುತ್ತಿದ್ದರು. ಅದು ಡೀಡ್ ಪೋಲ್. ಒಬ್ಬನೇ ನಿಂತು ಲೋಕಕ್ಕೆಲ್ಲ ಸಾರುವ ಪತ್ರ. ವೋಟಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ಇಂಗ್ಲೆಂಡಿನಲ್ಲಿ ಹೆಸರು ಬದಲಿಸುವವರು ಈ ಪತ್ರದಲ್ಲಿ ಮೂರು ಮಾತು ಹೇಳಬೇಕು. ಒಂದು: ನನ್ನ ಹಳೆಯ ಹೆಸರನ್ನು ಬಿಟ್ಟಿದ್ದೇನೆ. ಎರಡು: ಇನ್ನು ಎಲ್ಲ ಕಡೆಯೂ ಹೊಸ ಹೆಸರನ್ನೇ ಬಳಸುತ್ತೇನೆ. ಮೂರು: ಎಲ್ಲರೂ ನನ್ನನ್ನು ಹೊಸ ಹೆಸರಿನಿಂದಲೇ ಕರೆಯಬೇಕು. ಕೆಳಗೆ ಹಳೆಯ ಹೆಸರಿನಲ್ಲಿ ಒಂದು ಸಹಿ, ಹೊಸ ಹೆಸರಿನಲ್ಲಿ ಒಂದು ಸಹಿ. ಬೇಕೆಂದವರು ಅದನ್ನು ಲಂಡನ್ನಿನ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್‌ನಲ್ಲಿ ನೋಂದಾಯಿಸಬಹುದು.

ಆ ಮೂರನೆಯ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತದೆ.

ಗಾಂಧಿ ಕ್ಲಾಸು ಒಪ್ಪಿದ ಹೆಸರು

ಈಗ ನಮ್ಮ ಮನೆ ಮಾತಿಗೆ ಬರೋಣ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಆದರು. ಆ ಹೆಸರು ಕೊಟ್ಟವರು ನಿರ್ದೇಶಕ ಎಚ್.ಎಲ್.ಎನ್. ಸಿಂಹ. ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಶಿವಾಜಿರಾವ್ ಗಾಯಕ್‌ವಾಡ್‌ಗೆ 1975ರಲ್ಲಿ ಕೆ. ಬಾಲಚಂದರ್ ರಜನಿಕಾಂತ್ ಅಂತ ಹೆಸರಿಟ್ಟರು. ತಮಿಳಿನಲ್ಲಿ ಆಗಲೇ ಒಬ್ಬ ಶಿವಾಜಿ ಇದ್ದರಲ್ಲ, ಶಿವಾಜಿ ಗಣೇಶನ್! ಅವರಿಗೂ ‘ಶಿವಾಜಿ’ ಹುಟ್ಟಿನಿಂದ ಬಂದದ್ದಲ್ಲ. ನಾಟಕದ ಪಾತ್ರ ನೋಡಿ ಪೆರಿಯಾರ್ ಕೊಟ್ಟದ್ದು.

1972ರ ‘ನಾಗರಹಾವು’ ಒಂದನ್ನೇ ತೆಗೆದುಕೊಳ್ಳಿ. ರಾಮಾಚಾರಿಯಾಗಿ ಬಂದ ಸಂಪತ್ ಕುಮಾರ್ ಅಲ್ಲಿ ವಿಷ್ಣುವರ್ಧನ್ ಆದರು. ಜಲೀಲನಾಗಿ ಬಂದ ಮಂಡ್ಯದ ಅಮರನಾಥ್ ಮುಂದೆ ಅಂಬರೀಶ್ ಅಂತಲೇ ಮನೆಮಾತಾದರು. ಚಿತ್ರದ ಸಾರಥಿ ಪುಟ್ಟಣ್ಣ ಕಣಗಾಲರ ಹುಟ್ಟು ಹೆಸರು ಸೀತಾರಾಮ ಶರ್ಮ. ಅಷ್ಟೇ ಅಲ್ಲ, ಇತಿಹಾಸದ ವಿಷ್ಣುವರ್ಧನ ಇದ್ದಾನಲ್ಲ, ಹೊಯ್ಸಳ ದೊರೆ, ಅವನೂ ಮೊದಲು ಬಿಟ್ಟಿದೇವ! ಹೆಸರು ಬದಲಿಸಿಕೊಂಡ ನಿರ್ದೇಶಕರು ಹೆಸರು ಬದಲಿಸಿಕೊಂಡ ದೊರೆಯ ಹೆಸರನ್ನು ತೆಗೆದು ಹೊಸ ಹುಡುಗನಿಗೆ ಕೊಟ್ಟರು. ಹೇಗಿದೆ ಸರಪಳಿ?

ಇವತ್ತಿನವರಲ್ಲಿ ಹಾಸನದ ಕಡೆಯ ನವೀನ್ ಕುಮಾರ್ ಗೌಡ ಯಶ್ ಆದರು. ಮಾನ್ವಿಯ ತಮ್ಮಾ, ನಿನ್ನ ರಾಕಿಯ ಕಥೆಯೂ ಅದೇ ಅಲ್ಲವೇನಪ್ಪಾ? 2018ರ ‘ಕೆ.ಜಿ.ಎಫ್’ನಲ್ಲಿ ಅವ್ವ ಇಟ್ಟ ಹೆಸರು ರಾಜಾ ಕೃಷ್ಣಪ್ಪ ಬೈರ್ಯ. ರಾಕಿ ಆದದ್ದು ಬೊಂಬಾಯಿಗೆ ಹೋದ ಮೇಲೆ.

ಒಂದು ಮಾತು ಗಮನಿಸಿ. ಸಿಂಹ ಅವರು ಕೊಟ್ಟರು, ಪುಟ್ಟಣ್ಣ ಕೊಟ್ಟರು, ನಿಜ. ಆದರೆ ಹೆಸರು ನಿಂತದ್ದು ಯಾರಿಂದ? ಮುಂದಿನ ಬೆಂಚಿನ ಗಾಂಧಿ ಕ್ಲಾಸಿನಿಂದ! ಸೀಟಿ ಹೊಡೆದು, ಹರಿದ ಚೀಟಿ ತೂರಿ, ಗಂಟಲು ಹರಿಯೋ ಹಾಗೆ ಆ ಹೆಸರು ಕೂಗಿದ ಮಂದಿಯಿಂದ. ಚಂದ ಚಂದದ ಹೆಸರು ಇಟ್ಟುಕೊಂಡು ಬಂದವರು ಬಹಳ ಮಂದಿ. ಪರದೆಯ ಮೇಲೆ ಹೆಸರು ಬಂತು, ಹೋಯಿತು. ಕೂಗುವವರು ಸಿಗಲಿಲ್ಲ. ಅವರ ಟಿಕೆಟ್ಟಿನ ಇನ್ನರ್ಧ ಯಾರ ಕೈಯಲ್ಲೂ ಇರಲಿಲ್ಲ.

ಪರದೇಶದ ಒಂದು ಉದಾಹರಣೆ ಕೇಳಿ. ಇಂಗ್ಲಿಷ್ ನಟ ಮೈಕೆಲ್ ಕೇನ್ ಹುಟ್ಟಿದ್ದು ಮಾರಿಸ್ ಮಿಕಲ್‌ವೈಟ್ ಆಗಿ. ಲೋಕವೆಲ್ಲ ಮೈಕೆಲ್ ಕೇನ್ ಅಂತಿದ್ದರೂ 2000ದಲ್ಲಿ ರಾಣಿಯವರಿಂದ ಸರ್ ಪದವಿ ಪಡೆದದ್ದು ಹಳೆಯ ಹೆಸರಿನಲ್ಲೇ. ಆದರೆ ವಿಮಾನ ನಿಲ್ದಾಣದಲ್ಲಿ ಕಾವಲಿನವರು ಮುಖ ನೋಡಿ ‘ಓಹೋ ಮೈಕೆಲ್ ಕೇನ್’ ಅನ್ನೋದು, ಪಾಸ್‌ಪೋರ್ಟ್ ನೋಡಿದರೆ ಬೇರೆ ಹೆಸರು, ನಿಲ್ಲಿಸಿ ತಪಾಸಣೆ! ಬೇಸತ್ತು 80 ದಾಟಿದ ಮೇಲೆ, 2016ರಲ್ಲಿ, ಕಾಗದದ ಮೇಲೂ ಮೈಕೆಲ್ ಕೇನ್ ಆದರು. ಲೋಕ ಮೊದಲೇ ಒಪ್ಪಿತ್ತು, ಕಾಗದ ಒಪ್ಪಿದ್ದು ಕಡೆಗೆ.

ನಮ್ಮ ಜಿಲ್ಲೆಯ ಮೂವರು

ಹೆಸರು ಬದಲಿಸೋದು ಸಿನಿಮಾದವರ ಶೋಕಿ ಅಂತ ತಿಳಿಯಬೇಡಿ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಮುನ್ನೂರು ವರ್ಷದ ಹಿಂದೆಯೇ ಇದು ನಡೆದಿತ್ತು. ಅದೂ ಎಲ್ಲಿ? ಮಾನ್ವಿ, ದೇವದುರ್ಗ ತಾಲ್ಲೂಕುಗಳಲ್ಲಿ!

ತುಂಗಭದ್ರೆಯ ದಂಡೆಯ ಚೀಕಲಪರ್ವಿಯಲ್ಲಿ ದಾಸಪ್ಪ ಎಂಬ ಬಡವರ ಮಗ ಹುಟ್ಟಿದ. ಕಾಶಿಯಲ್ಲಿ ಕನಸಿನಲ್ಲಿ ಪುರಂದರದಾಸರೇ ಬಂದು ‘ವಿಜಯವಿಠಲ’ ಎಂಬ ಅಂಕಿತ ಕೊಟ್ಟರು ಅಂತ ಪರಂಪರೆ ಹೇಳುತ್ತದೆ. ದಾಸಪ್ಪ ವಿಜಯದಾಸರಾದರು (1682–1755). ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಭಾಗಣ್ಣನಿಗೆ ವಿಜಯದಾಸರು ‘ಗೋಪಾಲವಿಠಲ’ ಕೊಟ್ಟರು. ಭಾಗಣ್ಣ ಗೋಪಾಲದಾಸರಾದರು. ಮಾನ್ವಿ ತಾಲ್ಲೂಕಿನ ಬ್ಯಾಗವಾಟದ ಶ್ರೀನಿವಾಸಾಚಾರ್ಯರು ದೊಡ್ಡ ಪಂಡಿತರು. ಕನ್ನಡದಲ್ಲಿ ಹಾಡುವವರೆಂದರೆ ಅವರಿಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದರೆ ಹೊಟ್ಟೆನೋವು ಅಂತ ಸುಳ್ಳು ಹೇಳಿ ತಪ್ಪಿಸಿಕೊಂಡರಂತೆ. ನಿಜವಾದ ಹೊಟ್ಟೆನೋವೇ ಬಂತಂತೆ! ಕಡೆಗೆ ಗೋಪಾಲದಾಸರ ಮುಂದೆ ಬಾಗಿದರು, ಗುಣವಾಯಿತು. ‘ಜಗನ್ನಾಥವಿಠಲ’ ಅಂಕಿತ ಸಿಕ್ಕು ಜಗನ್ನಾಥದಾಸರಾದರು (1728–1809), ‘ಹರಿಕಥಾಮೃತಸಾರ’ ಬರೆದರು. ಮಾನ್ವಿಯಲ್ಲಿ ಅವರ ನೆನಪಿನ ಕಂಬಕ್ಕೆ ಇವತ್ತಿಗೂ ಪೂಜೆ ನಡೆಯುತ್ತದೆ. ಕಾಗದ ಬರೆದ ತಮ್ಮಾ, ನೀನು ಆ ದಾರಿಯಲ್ಲಿ ನೂರು ಸಲ ಹೋಗಿರ್ತೀಯ.

ಅಂಕಿತ ಅಂದರೆ ಗುರುತು, ಸಹಿ. ಅದನ್ನು ತಾವೇ ಇಟ್ಟುಕೊಳ್ಳುವಂತಿಲ್ಲ, ಗುರು ಕೊಡಬೇಕು. ಹಾಡಿನ ಕೊನೆಯಲ್ಲಿ ಅದು ಬರಬೇಕು. ಕೇಳಿದವರು ‘ಇದು ಇವರದು’ ಅಂತ ಗುರುತು ಹಿಡಿಯಬೇಕು. ಸರ್ಕಾರಿ ಮುದ್ರೆ ಇರಲಿಲ್ಲ, ಪೇಪರಿನಲ್ಲಿ ಜಾಹೀರಾತು ಇರಲಿಲ್ಲ. ಆದರೂ ದಾಸಪ್ಪ, ಭಾಗಣ್ಣ ಅಂದರೆ ಎಷ್ಟು ಮಂದಿಗೆ ಗೊತ್ತು? ವಿಜಯದಾಸರು, ಗೋಪಾಲದಾಸರು ಅಂದರೆ ಹೊಲದಾಗ ಹತ್ತಿ ಬಿಡಿಸೋ ಮುದುಕಿಗೂ ಗೊತ್ತು.

ಉರ್ಫ್, ಯಾನೆ, ಅಲಿಯಾಸ್

ನಮ್ಮ ಸೀಮೆಯ ಹಳೆಯ ಜಮೀನಿನ ಕಾಗದ ನೋಡಿದವರಿಗೆ ಒಂದು ಮಾತು ಪರಿಚಿತ. ‘ಹಣಮಂತ ಉರ್ಫ್ ಹಣಮಪ್ಪ’. 1948ರವರೆಗೆ ರಾಯಚೂರು ನಿಜಾಮರ ರಾಜ್ಯದಲ್ಲಿತ್ತು, ಕಚೇರಿಯ ಭಾಷೆ ಉರ್ದು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. ಸರ್ಕಾರ ಹೋಯಿತು, ಉರ್ಫ್ ಉಳಿಯಿತು. ಇದು ಅರಬ್ಬಿಯಿಂದ ಬಂದ ಮಾತು. ‘ರೂಢಿಯಲ್ಲಿ ಇರೋದು’, ‘ಮಂದಿಗೆ ತಿಳಿದಿರೋದು’ ಅಂತ ಅರ್ಥ. ದಕ್ಷಿಣದ ಜಿಲ್ಲೆಗಳವರು ‘ಯಾನೆ’ ಅಂತ ಬರೆಯುತ್ತಾರೆ. ಅದೂ ‘ಅಂದರೆ’ ಅನ್ನುವ ಅರ್ಥದ ‘ಯಾನಿ’ಯ ತಮ್ಮನೇ. ಪೊಲೀಸರ ‘ಅಲಿಯಾಸ್’ ಲ್ಯಾಟಿನ್. ‘ಬೇರೆ ಸಮಯದಲ್ಲಿ’, ‘ಇನ್ನೊಂದು ರೀತಿಯಲ್ಲಿ’ ಅಂತ. ಪಾಪ, ಕ್ರೈಂ ಸುದ್ದಿಯಲ್ಲಿ ಓದಿ ಓದಿ ಅದಕ್ಕೆ ಕೆಟ್ಟ ಹೆಸರು ಬಂದಿದೆ!

ಒಂದು ಹೆಸರು ಉರ್ದುವಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ದಾರಿಯಲ್ಲಿ ಕೈಕಾಲು ಮುರಿದುಕೊಳ್ಳುತ್ತದೆ. ಹಣಮಂತ, ಹನುಮಂತ, ಹನುಮಂತಪ್ಪ ಮೂವರೂ ಒಬ್ಬನೇ ಅಂತ ಸಾಬೀತು ಮಾಡಲು ಒಬ್ಬ ರೈತ ಎಷ್ಟು ಸಲ ಬಸ್ಸು ಹತ್ತಬೇಕು ಗೊತ್ತೇ? ಊರಿನ ಹೆಸರೇ ನೆಟ್ಟಗಿಲ್ಲ. ದೇವದುರ್ಗ ಇಂಗ್ಲಿಷಿನಲ್ಲಿ ಒಂದು ಕಾಗದದಲ್ಲಿ ದೇವದುರ್ಗ, ಇನ್ನೊಂದರಲ್ಲಿ ದಿಯೋದುರ್ಗ. ನಮ್ಮದು ಮಾನ್ವಿಯೋ, ಮಾನವಿಯೋ? ಎರಡೂ ನಡೆಯುತ್ತವೆ. 2014ರ ನವೆಂಬರ್ 1ರಂದು ಬೆಂಗಳೂರು, ಬಳ್ಳಾರಿ, ಕಲಬುರಗಿ ಸೇರಿ 12 ಊರುಗಳ ಇಂಗ್ಲಿಷ್ ಹೆಸರು ಕನ್ನಡದ ಉಚ್ಚಾರಕ್ಕೆ ಬದಲಾದವು. ಅದರಲ್ಲಿ ರಾಯಚೂರು ಇರಲಿಲ್ಲ.

ಇನ್ನು ನಾಡಿನ ಹೆಸರು. ಮೈಸೂರು ರಾಜ್ಯ 1973ರ ನವೆಂಬರ್ 1ರಂದು ಕರ್ನಾಟಕ ಆಯಿತು. ಅದಕ್ಕೆ ಪಾರ್ಲಿಮೆಂಟಿನಲ್ಲಿ ಕಾಯ್ದೆಯೇ ಆಗಬೇಕಾಯಿತು. ನಾಡಿನ ಹೆಸರಿಗೆ ಬೋಡ ಪತ್ರ ನಡೆಯೋದಿಲ್ಲ ಸ್ವಾಮಿ! 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಆಮೇಲೆ ನಾವು ಹತ್ತುವ ಬಸ್ಸಿನ ಮೇಲಿನ ಹೆಸರೂ ಬದಲಾಯಿತು. ಆದರೆ ಬಸ್ಸಿನೊಳಗೆ ಕೂತ ಹಿರಿಯರ ಬಾಯಲ್ಲಿ ಇನ್ನೂ ‘ಹೈದ್ರಾಬಾದ್ ಕರ್ನಾಟಕ’ವೇ.

ಮಾಡೋದು ಹ್ಯಾಂಗ?

ನಮ್ಮ ದೇಶದಲ್ಲಿ ಸಾಮಾನ್ಯರಿಗೆ ‘ಡೀಡ್ ಪೋಲ್’ ಅನ್ನುವ ಮಾತು ಬಳಕೆಯಲ್ಲಿ ಇಲ್ಲ. ಕೆಲಸ ಮಾತ್ರ ಅದೇ. ಮೂರು ಮೆಟ್ಟಿಲು. ಮೊದಲು ಸ್ಟ್ಯಾಂಪ್ ಪೇಪರಿನ ಮೇಲೆ ನೋಟರಿಯ ಮುಂದೆ ಅಫಿಡವಿಟ್. ಇದೂ ಲ್ಯಾಟಿನ್, ‘ಆಣೆ ಮಾಡಿ ಹೇಳಿದ್ದಾನೆ’ ಅಂತ ಅರ್ಥ. ಎರಡನೆಯದು ಪತ್ರಿಕೆಯಲ್ಲಿ ಜಾಹೀರಾತು. ಮೂರನೆಯದು ಗೆಜೆಟ್. ಭಾರತ ಸರ್ಕಾರದ ಗೆಜೆಟ್ ಬೇಕಾದರೆ ಅರ್ಜಿ ದಿಲ್ಲಿಯ ಪ್ರಕಟಣಾ ಇಲಾಖೆಗೆ ಹೋಗಬೇಕು. ಸರ್ಕಾರಿ ನೌಕರರಿಗೆ ಅಫಿಡವಿಟ್ ಬದಲು ಹೆಸರು ಬದಲಾವಣೆಯ ಡೀಡ್ ಕೇಳುತ್ತಾರೆ. ನೋಡಿ, ನಮ್ಮ ಬೋಡ ಪತ್ರ ಅಲ್ಲಿ ಇನ್ನೂ ಬದುಕಿದೆ! ಅಂದಹಾಗೆ ಗೆಜೆಟ್ ಅನ್ನೋದು ಇಟಲಿಯ ವೆನಿಸ್ ಪಟ್ಟಣದ ಒಂದು ಪುಡಿಗಾಸಿನ ಹೆಸರಂತೆ. ಆ ಕಾಸಿಗೆ ಒಂದು ಸುದ್ದಿ ಹಾಳೆ ಸಿಗುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಪುಡಿಗಾಸಿಗೆ ಮಾರುವ ನಮ್ಮಂಥವರ ಬಂಧುವೇ ಸರಿ!

ಎಚ್ಚರಿಕೆಯ ಮಾತು ನಾಲ್ಕು. ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಸಲ ಅವಕಾಶ. ಒಂದು ಪಿಕ್ಚರ್ ಹಿಟ್ ಆದ ಕೂಡಲೇ ಒಂದು ಸಲ, ಇನ್ನೊಂದು ಹಿಟ್ ಆದಾಗ ಇನ್ನೊಂದು ಸಲ ಬಳಸಿದರೆ ಮುಗೀತು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ತಿದ್ದುಪಡಿ ಶಾಲೆಯಿಂದಲೇ ಶುರುವಾಗಬೇಕು, ಅದು ಬೇರೆಯೇ ಅಲೆದಾಟ. ಹೆಸರು ಬದಲಾದರೆ ಸಾಲ, ಕೇಸು ಬದಲಾಗೋದಿಲ್ಲ. ಹೊಸ ಹೆಸರಿಗೆ ಅವೂ ಬೆನ್ನು ಹತ್ತಿ ಬರುತ್ತವೆ. ಮತ್ತು ಎಲ್ಲಕ್ಕಿಂತ ಮುಖ್ಯ, ಎಲ್ಲ ಕಾಗದದಲ್ಲೂ ಒಂದೇ ಅಕ್ಷರ ಇರಲಿ.

ಸಮಾಧಾನದ ಮಾತೂ ಒಂದಿದೆ. 2021ರ ಜೂನ್ 3ರಂದು ಸುಪ್ರೀಂ ಕೋರ್ಟ್ ಸಿ.ಬಿ.ಎಸ್.ಇ. ಪ್ರಮಾಣಪತ್ರಗಳ ಪ್ರಕರಣದಲ್ಲಿ, ಹೆಸರು ಮನುಷ್ಯನ ಗುರುತಿನ ಭಾಗ, ಸರಿಯಾದ ದಾಖಲೆ ಇದ್ದರೆ ಬದಲಾವಣೆಯನ್ನು ಸಾರಾಸಗಟಾಗಿ ನಿರಾಕರಿಸುವಂತಿಲ್ಲ ಎಂದು ಹೇಳಿತು. ಹೆಸರು ಕೇಳಿದ ಕೂಡಲೇ ಜಾತಿ ಅಳೆಯುವ ಮಂದಿ ಇರುವ ಊರಿನಲ್ಲಿ ಹೆಸರು ಬದಲಿಸೋದು ಶೋಕಿ ಅಲ್ಲ. ಪಕ್ಕದ ಮಹಾರಾಷ್ಟ್ರದ ಸಾತಾರದಲ್ಲಿ 2011ರಲ್ಲಿ 280ಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಒಂದೇ ದಿನ ಹೊಸ ಹೆಸರು ಕೊಟ್ಟರು. ಅವರೆಲ್ಲರ ಹಳೆಯ ಹೆಸರು ‘ನಕೋಶಿ’. ಅಂದರೆ ‘ಬೇಡವಾದವಳು’. ಅಂಥ ಹೆಸರನ್ನು ಇಟ್ಟುಕೊಂಡು ಬದುಕಬೇಕು ಅನ್ನಲು ಯಾರಿಗೆ ಬಾಯಿ ಬರುತ್ತದೆ?

ದೇವದುರ್ಗದ ಗೆಳೆಯ

ನನ್ನ ಗೆಳೆಯನೊಬ್ಬ ದೇವದುರ್ಗದವನು. ಅವನ ಹೆಸರೂ ಬರೆಯೋದಿಲ್ಲ, ಹಳೆಯದನ್ನು ಬರೆದರೆ ಅವನು ಬಿಡೋದಿಲ್ಲ. ತಿಪ್ಪಣ್ಣ, ಗುಂಡಪ್ಪ, ಹುಚ್ಚಪ್ಪ, ಅಡಿವೆಪ್ಪ ಅಂತ ಒಂದು ಸಾಲು ಇದೆಯಲ್ಲ, ಆ ಸಾಲಿನ ಹೆಸರು. ಶಾಲೆಯಲ್ಲಿ ಹಾಜರಿ ಕೂಗಿದಾಗಲೆಲ್ಲ ಹಿಂದಿನ ಬೆಂಚಿನಿಂದ ನಗು. ಒಂದು ಸಲ ಮೇಷ್ಟರೂ ನಕ್ಕರು. ನಾನೂ ನಕ್ಕವರ ಪೈಕಿಯೇ, ಸುಳ್ಳು ಯಾಕೆ ಹೇಳಲಿ.

ಅವನು ಅಪ್ಪು ಅಭಿಮಾನಿ. ಮಾಸ್ಟರ್ ಲೋಹಿತ್ ಆಗಿ ತೆರೆಗೆ ಬಂದ ಹುಡುಗ ಪುನೀತ್ ಆಗಿ, 2002ರ ಚಿತ್ರದ ನಂತರ ನಾಡಿಗೆಲ್ಲ ಅಪ್ಪು ಆದರಲ್ಲ, ಆ ಕಥೆ ಅವನಿಗೆ ಬಾಯಿಪಾಠ. 2021ರ ಅಕ್ಟೋಬರ್ 29ರ ಆ ಶುಕ್ರವಾರ ನಾವಿಬ್ಬರೂ ಒಂದು ಚಹಾದಂಗಡಿಯಲ್ಲಿ ಟಿ.ವಿ. ಮುಂದೆ ಮಾತಿಲ್ಲದೆ ನಿಂತಿದ್ದೆವು. ಅದಾಗಿ ತಿಂಗಳಿಗೆ ಅವನು ಬಂದು ಹೇಳಿದ: “ದೋಸ್ತಾ, ಪುನೀತ್ ಅಂತ ಇಟ್ಕೊಂತೀನಿ. ಕಾಗದದಾಗ. ಖಾಯಂ.”

ನಾನೇ ಕಾಕಾನ ಹತ್ತಿರ ಕರೆದುಕೊಂಡು ಹೋದೆ. ಅಫಿಡವಿಟ್ ಆಯಿತು. ಅಲ್ಲಿ ಒಂದು ವಿಚಿತ್ರ ನೋಡಿದೆ. ಹಳೆಯ ಹೆಸರು ಬೇಡ ಅಂತ ಬಂದವನು ಆ ಹೆಸರನ್ನು ಅವತ್ತು ಬರೆದಷ್ಟು ಸಲ ಜೀವನದಲ್ಲೇ ಬರೆದಿರಲಿಲ್ಲ. ‘ಈ ಮೊದಲು ಇಂಥ ಹೆಸರಿನಿಂದ ಕರೆಯಲ್ಪಡುತ್ತಿದ್ದ ನಾನು’ ಅಂತ ಪ್ರತಿ ಹಾಳೆಯಲ್ಲೂ ಬರೆದು ಸಹಿ ಹಾಕಬೇಕು. ಕಾಕಾ ಅಂದರು: “ಹಳೇದಕ್ಕ ಕೈಮುಗಿದೇ ಹೊಸಾದಕ್ಕ ಹೋಗಬೇಕು ತಮ್ಮಾ. ಇಲ್ಲಂದ್ರ ಹೊಸಾ ಮನಷ್ಯಾ ಯಾರು ಅಂತ ಯಾರಿಗೂ ಗೊತ್ತಾಗೂದಿಲ್ಲ.”

ಪತ್ರಿಕೆಯಲ್ಲಿ ಜಾಹೀರಾತು ಬಂತು. ಸಂಭ್ರಮದಿಂದ ಮನೆಗೆ ಒಯ್ದ. ಅವನ ಅವ್ವನಿಗೆ ಓದಲು ಬರೋದಿಲ್ಲ. ನಾನೇ ಗಟ್ಟಿಯಾಗಿ ಓದಿದೆ. ಕೊನೆಯ ಸಾಲು ಹೀಗಿತ್ತು: ‘ಇನ್ನು ಮುಂದೆ ಎಲ್ಲರೂ ನನ್ನನ್ನು ಹೊಸ ಹೆಸರಿನಿಂದಲೇ ಕರೆಯತಕ್ಕದ್ದು.’

ಹಿಟ್ಟು ನಾದುತ್ತಿದ್ದ ಅವ್ವ ಕೈ ನಿಲ್ಲಿಸಿ ಕೇಳಿದಳು: “ಎಲ್ಲಾರೂ ಅಂದ್ರ... ನಾನೂನೇನಪಾ?”

ಇಬ್ಬರಿಗೂ ಉತ್ತರ ಹೊಳೆಯಲಿಲ್ಲ.

ಆಮೇಲೆ ಅವಳೇ ಹೇಳಿದಳು. ಇವನಿಗಿಂತ ಮೊದಲು ಎರಡು ಕೂಸು ಉಳಿದಿರಲಿಲ್ಲ. ಇವನು ಹುಟ್ಟಿದಾಗ ಹಿರಿಯರು ಅಂದರಂತೆ: ಚಂದದ ಹೆಸರು ಇಡಬ್ಯಾಡ, ಸಾವಿನ ಕಣ್ಣು ಬೀಳತೈತಿ. ಯಾರಿಗೂ ಬ್ಯಾಡಾದ ಹೆಸರು ಇಡು, ಅದು ಬಿಟ್ಟು ಹೋಗತೈತಿ. “ನಿನ್ನ ಹಗರ ಮಾಡಾಕ ಇಟ್ಟಿದ್ದಲ್ಲ ಮಗನ. ನಿನ್ನ ಮುಚ್ಚಿಡಾಕ ಇಟ್ಟಿದ್ದು.” ಇಷ್ಟು ಹೇಳಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಇಪ್ಪತ್ತೈದು ವರ್ಷ ಅವನು ಬೈಗುಳ ಅಂತ ತಿಳಿದದ್ದು ಅವಳು ಕಟ್ಟಿದ ತಾಯತವಾಗಿತ್ತು.

ಅವ್ವ ಜಗಳ ಮಾಡಲಿಲ್ಲ. ಕಾನೂನು ಮೀರಲೂ ಇಲ್ಲ. ಆದರೆ ಅವತ್ತಿನಿಂದ ಅವನನ್ನು ಹೆಸರು ಹಿಡಿದು ಕರೆಯೋದನ್ನೇ ಬಿಟ್ಟಳು. ಹಳೆಯದೂ ಇಲ್ಲ, ಹೊಸದೂ ಇಲ್ಲ. ‘ಏನಪಾ’, ‘ಬಾರಪಾ’, ‘ಉಣ್ಣಪಾ’. ಅಷ್ಟೇ. ಊರಿನ ಗೆಳೆಯರು ಪುನೀತ್ ಅಂದರು, ಬ್ಯಾಂಕಿನವರು ಪುನೀತ್ ಅಂದರು, ಅವನೂ ಬೈಕಿನ ಮೇಲೆ ಬರೆಸಿಕೊಂಡ. ಮನೆಯಲ್ಲಿ ಮಾತ್ರ ಅವನಿಗೆ ಹೆಸರೇ ಇಲ್ಲದಂತಾಯಿತು.

ನಾಲ್ಕು ತಿಂಗಳು ತಡೆದ. ಒಂದು ರಾತ್ರಿ ತಾನೇ ಹೋಗಿ ಹೇಳಿದನಂತೆ: “ಯವ್ವಾ, ಪೇಪರಿನಾಗ ಬಂದಿದ್ದು ಮಂದಿಗೆ. ನಿನಗಲ್ಲ. ನೀ ಹಳೇದ ಕರಿ.” ಅವಳು ಕೂಡಲೇ ಕರೆಯಲಿಲ್ಲವಂತೆ. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಓಣಿಗೆಲ್ಲ ಕೇಳುವ ಹಾಗೆ, ಆ ಹಳೆಯ ಹೆಸರು ಹಿಡಿದು ಚಹಾಕ್ಕೆ ಕೂಗಿದಳಂತೆ. “ಮೊದಲನೇ ಸಲ ಆ ಹೆಸರಿಗೆ ನಾಚಿಕಿ ಬರಲಿಲ್ಲ ದೋಸ್ತಾ” ಅಂದ. ಬೇರೆ ಯಾರಾದರೂ ಹಾಗೆ ಕರೆದರೆ ಇವತ್ತಿಗೂ ತೋಳು ಏರಿಸುತ್ತಾನೆ, ಅದು ಬೇರೆ ಮಾತು!

ಮಾನ್ವಿಯ ತಮ್ಮನಿಗೆ

ಈಗ ನಿನಗೆ ಉತ್ತರ. ನಿನ್ನ ಮಾವನ ಮಗನಿಗೆ ಹೇಳು: ಹೆಸರು ಬದಲಿಸಿಲ್ಲದಿದ್ದರೆ ಆ ಕಾಲಂನಲ್ಲಿ ‘ಇಲ್ಲ’ ಅಂತ ಬರೆಯಲಿ. ಎಲೆಕ್ಷನ್ನಿಗೂ ಅದಕ್ಕೂ ಸಂಬಂಧವಿಲ್ಲ. ಬದಲಿಸಿದ್ದರೆ ಅಫಿಡವಿಟ್, ಪತ್ರಿಕೆಯ ಕಟಿಂಗ್, ಗೆಜೆಟ್ ಮೂರೂ ಜೋಪಾನ ಮಾಡಲಿ.

ನಿನಗೆ ರಾಕಿ ಆಗಲು ಕಾನೂನಿನ ಅಡ್ಡಿಯಿಲ್ಲ. ಅವಮಾನಕ್ಕೆ ಬೇಸತ್ತು ಬದಲಿಸ್ತೀಯಾ? ಧೈರ್ಯವಾಗಿ ಬದಲಿಸು, ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ಬರೀ ಪಿಕ್ಚರ್ ನೋಡಿದ ಉಮೇದಿಗೆ ಬದಲಿಸ್ತೀಯಾ? ಹಾಗಿದ್ದರೆ ಮೊದಲು ಮನೆಗೆ ಹೋಗಿ ಒಂದು ಪ್ರಶ್ನೆ ಕೇಳು: ‘ನನಗೆ ಈ ಹೆಸರು ಯಾಕ ಇಟ್ರಿ?’ ಉತ್ತರ ಕೇಳಿದ ಮೇಲೂ ಮನಸ್ಸು ಬದಲಾಗದಿದ್ದರೆ ಬಸ್ಸು ಹತ್ತಿ ರಾಯಚೂರಿಗೆ ಬಾ, ಕಾಕಾನ ಹತ್ತಿರ ನಾನೇ ಕರೆದುಕೊಂಡು ಹೋಗ್ತೀನಿ. ಚಹಾ ನಿನ್ನದು.

ಕಾನೂನಿಗೆ ಬೋಡ ಪತ್ರ ಸಾಕು, ಒಬ್ಬನೇ ಸಹಿ ಹಾಕಿದರೆ ಆಯಿತು. ಆದರೆ ಹೆಸರು ಟಾಕೀಸಿನ ಟಿಕೆಟ್ ಇದ್ದ ಹಾಗೆ. ಅರ್ಧ ನಿನ್ನ ಕೈಯಲ್ಲಿ, ಇನ್ನರ್ಧ ಕರೆಯುವವರ ಕೈಯಲ್ಲಿ. ಆ ಅರ್ಧ ಯಾರ ಹತ್ತಿರ ಇದೆ ಅಂತ ನೋಡಿಕೊಂಡು ಒಳಗೆ ಹೋಗು.

ಮುಂದಿನ ವಾರ ಮತ್ತೆ ಸಿಗೋಣ. ಕಾಗದ ಬರೆಯುತ್ತಿರಿ. ಹೆಸರು ಹಾಕಿದರೂ ಸರಿ, ಹಾಕದಿದ್ದರೂ ಸರಿ!